ಕೂರಕ್ಕ ಬಸ್ಸು ಹತ್ತಿದ್ದು

ಪಟ್ಟಣದಲ್ಲಿ ಈಗ ನಾವಿರುವ ಮೂರಂತಸ್ತಿನ ಕಟ್ಟಡದಲ್ಲಿ, ಮೆಟ್ಟಿಲು ಶುರುವಾಗುವ ಕಡೆ ಒಂದು ಬೆಂಚು ಇದೆ. ಮೇಲಿನ ಮನೆಗೆ ಗ್ಯಾಸ್ ಸಿಲಿಂಡರ್ ಹೊತ್ತು ತರುವವನಿರಲಿ, ಮಕ್ಕಳಿಗೆ ಪಾಠ ಹೇಳಲು ಬರುವ ಮೇಡಂ ಇರಲಿ, ಹತ್ತುವ ಮುಂಚೆ ಆ ಬೆಂಚಿನ ಮೇಲೆ ಒಂದು ಗಳಿಗೆ ಕೂರಲೇಬೇಕು. ಹಾಗಂತ ಕಾನೂನೇನೂ ಇಲ್ಲ. ನೆಲಮಹಡಿಯ ಕಿಟಕಿಯಲ್ಲಿ ನನ್ನ ಓರಗಿತ್ತಿ ಇದ್ದಾಳೆ, ಅಷ್ಟೆ.

"ಕೂತ್ಕೊಳ್ಳಪ್ಪಾ. ನೀನು ಬಂದಿದೀಯ, ನಿನ್ನ ಉಸಿರು ಇನ್ನೂ ಬೀದಿ ತುದೀಲಿದೆ. ಅದೂ ಬಂದು ಸೇರ್ಕೊಳ್ಳಲಿ" ಅನ್ನುತ್ತಾಳೆ.

ಅಪ್ಪ ಅಮ್ಮ ಇಟ್ಟ ಹೆಸರು ಅವಳ ಗುರುತಿನ ಚೀಟಿಯಲ್ಲಿ ಭದ್ರವಾಗಿದೆ. ಜನರ ಬಾಯಲ್ಲಿ ಅವಳು ಕೂರಕ್ಕ. ಈ ಹೆಸರು ಹುಟ್ಟಿದ್ದು ಈ ಬೆಂಚಿನ ಮೇಲಲ್ಲ, ಬೆಟ್ಟದ ಮೇಲೆ.

ಬೆಟ್ಟದ ತುದಿಯಲ್ಲಿ ಒಂದು ಗಣಿ, ಬುಡದ ಬಯಲಿನಲ್ಲಿ ಪಟ್ಟಣ. ಎರಡರ ನಡುವೆ, ಸುತ್ತಿ ಸುತ್ತಿ ಸುಸ್ತಾದ ರಸ್ತೆ ಸ್ವಲ್ಪ ನಿಂತು ಉಸಿರು ಬಿಟ್ಟಂತಿರುವ ಒಂದು ತಿರುವಿನಲ್ಲಿ, ಕಂಪನಿಯ ತಂಗುಮನೆ. ಗಂಡಸರಿಗೊಂದು ಉದ್ದನೆಯ ಕೋಣೆ, ಹೆಂಗಸರಿಗೊಂದು ಸಣ್ಣ ಕೋಣೆ, ಅಡಿಗೆಮನೆ, ಹಿತ್ತಲಲ್ಲಿ ಬಟ್ಟೆ ಒಗೆಯುವ ಕಲ್ಲು. ಕಲ್ಲು ನನ್ನ ಪಾಲಿಗೆ, ಮಿಕ್ಕಿದ್ದೆಲ್ಲ ಅಕ್ಕನ ಪಾಲಿಗೆ. ನಮ್ಮ ಗಂಡಂದಿರು ಅಣ್ಣ ತಮ್ಮ, ಇಬ್ಬರೂ ಗಣಿಯಲ್ಲಿದ್ದವರು. ಒಬ್ಬರ ಹಿಂದೆ ಒಬ್ಬರು ತೀರಿಹೋದ ಮೇಲೆ ಕಂಪನಿಯವರು ನಮಗೆ ಈ ಮನೆ ನೋಡಿಕೊಳ್ಳುವ ಕೆಲಸ ಕೊಟ್ಟರು.

ಕೆಲಸ ಅಂದರೆ ಇಷ್ಟೇ. ಕೆಳಗಿನಿಂದ ಬಂದ ಹೊಸಬರು ಯಾರೇ ಆಗಲಿ ತಂಗುಮನೆಯಲ್ಲಿ ಎರಡು ರಾತ್ರಿ ಕಳೆದ ಮೇಲೇ ಗಣಿಗೆ ಹೋಗಬೇಕು. ವಾರಕ್ಕಿಂತ ಹೆಚ್ಚು ಕೆಳಗಿದ್ದು ಬಂದವರೂ ಹೊಸಬರ ಲೆಕ್ಕಕ್ಕೇ. ಮೇಲೆ ಗಾಳಿ ತೆಳ್ಳಗೆ. ಮೈಗೆ ಅದು ರೂಢಿಯಾಗದೆ ಹೋದರೆ ತಲೆ ಸಿಡಿಯುತ್ತದೆ, ವಾಂತಿಯಾಗುತ್ತದೆ. ಅದನ್ನೂ ಲೆಕ್ಕಿಸದೆ ಇನ್ನೂ ಹತ್ತಿದವರಿಗೆ ಎದೆಯಲ್ಲಿ ನೀರು ತುಂಬುತ್ತದೆ. ಹಾಗೆ ಹೋದವರನ್ನು ಕಂಬಳಿಯಲ್ಲಿ ಸುತ್ತಿ ಇಳಿಸಿದ್ದನ್ನು ನಾವಿಬ್ಬರೂ ಕಣ್ಣಾರೆ ನೋಡಿದ್ದೇವೆ. ಆದ್ದರಿಂದ ಕಂಪನಿಯ ಡಾಕ್ಟರು ಮಾಡಿದ ನಿಯಮ ಗೋಡೆಯ ಮೇಲೆ ದಪ್ಪ ಅಕ್ಷರದಲ್ಲಿತ್ತು. ಡಾಕ್ಟರು ಹೇಳಿದ್ದು "ಇಲ್ಲಿ ತಂಗಬೇಕು" ಅಂತ ಮಾತ್ರ. ಕೂರಬೇಕು ಅನ್ನುವುದು ಅಕ್ಕ ಸೇರಿಸಿದ ಒಗ್ಗರಣೆ. ಮಲಗಿದರೂ ನಡೆಯುತ್ತದೆ, ಅಂಗಳದಲ್ಲಿ ನಿಧಾನವಾಗಿ ಅಡ್ಡಾಡಿದರೂ ನಡೆಯುತ್ತದೆ ಅಂತ ಡಾಕ್ಟರೇ ಬಂದು ಹೇಳಿದರು. ಅಕ್ಕ ಅವರಿಗೂ ಕುರ್ಚಿ ಎಳೆದು, "ಮೊದಲು ಕೂತ್ಕೊಳ್ಳಿ ಸಾರ್" ಅಂದಳು.

ಒಗ್ಗರಣೆ ಅಷ್ಟಕ್ಕೇ ನಿಲ್ಲಲಿಲ್ಲ. ಮೊದಲ ದಿನ ಜೋರಾಗಿ ನಗಬಾರದು, ಉಸಿರು ಚೆಲ್ಲಿಹೋಗುತ್ತದೆ. ಜಗಳ ಆಡಬಾರದು, ಅದರಲ್ಲಿ ಇನ್ನೂ ಹೆಚ್ಚು ಚೆಲ್ಲುತ್ತದೆ. "ನನ್ನ ಮೈ ನನಗೆ ಗೊತ್ತು" ಅಂತ ಮಾತ್ರ ಯಾರೂ ಅನ್ನಬಾರದು. ಹಾಗಂದವರನ್ನು ಅವಳು ಬಸ್ಸಿನ ಮೆಟ್ಟಿಲಿಂದ ತೋಳು ಹಿಡಿದು ಇಳಿಸುತ್ತಿದ್ದಳು. "ನಿನ್ನ ಮೈ ನಿನಗೆ ಗೊತ್ತು, ಸರಿ. ನಿನ್ನ ಮೈಗೆ ಬೆಟ್ಟ ಗೊತ್ತೇನಪ್ಪಾ?"

ಯಾರಾದರೂ ಕಾರಣ ಕೇಳಿದರೆ ಕೋಣೆಯ ಮೂಲೆಯಲ್ಲಿ ಪೇರಿಸಿಟ್ಟ ಹಾಸಿಗೆಗಳನ್ನು ತೋರಿಸುತ್ತಿದ್ದಳು. "ತಳದ ಹಾಸಿಗೆ ನೋಡಿ, ಅಪ್ಪಚ್ಚಿ. ಮೇಲಿನ ಭಾರ ಪೂರ್ತಿ ಅದರ ತಲೆ ಮೇಲೆ. ತುದೀದು ನೋಡಿ, ಮದುಮಗನ ಹಾಗೆ ಉಬ್ಬಿಕೊಂಡಿದೆ. ಗಾಳೀನೂ ಹೀಗೇ. ಕೆಳಗೆ ಒತ್ತಿ ಒತ್ತಿ ತುಂಬಿರುತ್ತೆ, ಒಂದು ಸಲ ಎಳೆದ್ರೆ ಎದೆ ತುಂಬುತ್ತೆ. ಮೇಲೆ ಸಡಿಲ. ಎಳೆಯೋದು ಅಷ್ಟೇ, ಒಳಗೆ ಬರೋದು ಅರ್ಧ." ಈ ಹಾಸಿಗೆಯ ಮಾತು ಮೊದಲು ಆಡಿದ್ದು ಡಾಕ್ಟರು. ಮದುಮಗ ಮಾತ್ರ ಅಕ್ಕನವನು.

ಹೀಗೆ ವರ್ಷಗಟ್ಟಲೆ ಊರವರನ್ನೆಲ್ಲ ಮೇಲಕ್ಕೆ ಕಳಿಸಿದವಳು ತಾನು ಒಮ್ಮೆಯೂ ಮೇಲಕ್ಕೆ ಹೋಗಿರಲಿಲ್ಲ. ಕೇಳಿದರೆ, "ನಾನು ಹೋದ್ರೆ ಇವರನ್ನ ಕೂರಿಸೋರು ಯಾರು?" ಅನ್ನುತ್ತಿದ್ದಳು. ಒಂದು ಸಲ ಮಾತ್ರ, ನಾವಿಬ್ಬರೇ ಕಂಬಳಿ ಮಡಿಸುತ್ತಿದ್ದಾಗ, ನಿಜ ಬಾಯಿಗೆ ಬಂತು: "ಅಲ್ಲಿಗೆ ಹೋಗಿ ನಾನೇ ವಾಂತಿ ಮಾಡ್ಕೊಂಡ್ರೆ, ಆಮೇಲೆ ನನ್ನ ಮಾತು ಯಾರೇ ಕೇಳ್ತಾರೆ?"

ಅವಳಿಗೆ ಒಬ್ಬಳೇ ಮಗಳು. ಅವಳನ್ನು ಕಟ್ಟಿಕೊಂಡವನು ಗಣಿಯ ಫಿಟ್ಟರ್. ಮದುವೆ ಆದದ್ದು ಕೆಳಗೆ ಪಟ್ಟಣದಲ್ಲಿ. ಮಾರನೆಯ ದಿನ ಗಂಡ ಹೆಂಡತಿ ಹೊಸ ಸೂಟ್‌ಕೇಸ್ ಹಿಡಿದು ತಂಗುಮನೆಗೆ ಬಂದರು. ಅಕ್ಕ ಇಬ್ಬರನ್ನೂ ಎರಡು ರಾತ್ರಿ ಕೂರಿಸಿದಳು. ಅಳಿಯ ಗಂಡಸರ ಕೋಣೆಯಲ್ಲಿ, ಮಗಳು ಹೆಂಗಸರ ಕೋಣೆಯಲ್ಲಿ.

"ಅಮ್ಮಾ, ಹೊಸ ಅಳಿಯ ಕಣೇ!" ಅಂದಳು ಮಗಳು.

"ಗಾಳಿಗೆ ಅಳಿಯ ಗಿಳಿಯ ಅಂತೆಲ್ಲ ಗೊತ್ತಾಗಲ್ಲ."

"ಗಾಳಿಗೆ ಗೊತ್ತಾಗಲ್ಲ ಸರಿ. ನಿಂಗೂ ಗೊತ್ತಾಗಲ್ವಾ?"

ಮಗಳು ಮೇಲೆ ಹೋದವಳು ಅಲ್ಲಿನ ಕ್ಯಾಂಟೀನಿನಲ್ಲಿ ಅಡಿಗೆಗೆ ಸೇರಿಕೊಂಡಳು. ಆಮೇಲೆ ಕೆಳಗಿಳಿಯಲೇ ಇಲ್ಲ. "ಪಟ್ಟಣಕ್ಕೆ ಹೋಗಿ ಬಂದ್ರೆ ಮತ್ತೆ ಕೂರಿಸ್ತಾಳೆ. ಅವಳ ಜೊತೆ ಎರಡು ರಾತ್ರಿ ಒಂದೇ ಕೋಣೇಲಿ ಇರೋದಕ್ಕಿಂತ ತಲೆನೋವೇ ವಾಸಿ ಚಿಕ್ಕಮ್ಮಾ" ಅಂತ ನನಗೆ ಫೋನಿನಲ್ಲಿ ಹೇಳುತ್ತಿದ್ದಳು. "ಒಂದು ಸಲ ಅವಳೇ ಮೇಲೆ ಬಂದು ನನ್ನ ಮನೇಲಿ ಟೀ ಕುಡೀಲಿ. ಆಮೇಲೆ ನಾನು ಇಳೀತೀನಿ." ಅಕ್ಕ ಪಕ್ಕದಲ್ಲೇ ಬೇಳೆ ಆರಿಸುತ್ತಾ, ಫೋನಿಗೆ ಕೇಳುವಷ್ಟು ಗಟ್ಟಿಯಾಗಿ, "ಅಲ್ಲಿ ನೀರು ಬೇಗ ಕುದಿಯುತ್ತೆ, ಬೇಳೆ ಮಾತ್ರ ಬೇಯಲ್ಲ. ಕೆಲವರ ಬುದ್ಧೀನೂ ಹಾಗೇ" ಅನ್ನುತ್ತಿದ್ದಳು. ಅವಳು ಇಳಿಯಲ್ಲ, ಇವಳು ಹತ್ತಲ್ಲ. ನಡುವೆ ನನ್ನ ಕಿವಿ.

ಮಾತು ನಿಂತರೂ ಸಾಮಾನು ಓಡಾಡುತ್ತಿತ್ತು. ಬಸ್ಸಿನ ಡ್ರೈವರ್ ಕೈಯಲ್ಲಿ ಅಕ್ಕ ಬಿಸ್ಕತ್ತಿನ ಪ್ಯಾಕೆಟ್ ಕಳಿಸುತ್ತಿದ್ದಳು. ಹೊರಗಿನ ಗಾಳಿಯ ಒತ್ತಡ ಕಡಿಮೆಯಾಗುತ್ತಾ ಹೋದಂತೆ ಪ್ಯಾಕೆಟ್ಟಿನೊಳಗಿನ ಗಾಳಿ ಉಬ್ಬಿ ದಿಂಬಿನ ಹಾಗಾಗಿ, ಕೊನೆಯ ತಿರುವಿನ ಹತ್ತಿರ ಎಲ್ಲೋ ಪಟ್ಟೆಂದು ಒಡೆಯುತ್ತಿತ್ತು. ಮಗಳ ಕೈಗೆ ಹರಿದ ಪ್ಯಾಕೆಟ್. "ಬಂದವರಿಗೆಲ್ಲ ಹಂಚಿ ಮಿಕ್ಕಿದ್ದನ್ನ ಮಗಳಿಗೆ ಕಳಿಸ್ತಾಳೆ ನೋಡು ಚಿಕ್ಕಮ್ಮಾ!" ಇತ್ತ ಮಗಳು ಅಮ್ಮನ ಮಂಡಿನೋವಿಗೆ ಗಣಿಯ ದವಾಖಾನೆಯ ಎಣ್ಣೆಯನ್ನು ಪ್ಲಾಸ್ಟಿಕ್ ಬಾಟಲಿಗೆ ಸುರಿದು, ಬಿಗಿಯಾಗಿ ಮುಚ್ಚಿ ಕಳಿಸುತ್ತಿದ್ದಳು. ಅದು ಇಳಿಯುವ ದಾರಿಯಲ್ಲಿ, ಹೊರಗಿನ ಗಾಳಿಯ ಒತ್ತಡಕ್ಕೆ ಕುಗ್ಗಿ, ಯಾರೋ ಕತ್ತು ಹಿಸುಕಿದಂತೆ ಸೊಟ್ಟಗಾಗಿ ನಮ್ಮನ್ನು ತಲುಪುತ್ತಿತ್ತು.

"ನೋಡೇ, ಹಿಂಡಿ ಹಿಂಡಿ ಉಳಿದಿದ್ದು ಕಳಿಸಿದ್ದಾಳೆ!"

"ಅಕ್ಕಾ, ಅದು ಗಾಳಿ ಒತ್ತಿರೋದು" ಅಂದ ಡ್ರೈವರ್.

"ನೀನು ಸ್ಟೇರಿಂಗ್ ನೋಡ್ಕೊಳಪ್ಪಾ. ಗಾಳಿ ವಿಷಯ ನಂಗೆ ಹೇಳಿಕೊಡ್ತೀಯಾ?"

ಅವಳಿಗೆ ಗೊತ್ತಿರಲಿಲ್ಲ ಅನ್ನಬೇಡಿ. ಗಣಿಯವರ ಚೀಲದಲ್ಲಿ ಅಂಥ ಬಾಟಲಿ ಕಂಡರೆ ಅವಳೇ ನಿಂತು ಪಾಠ ಹೇಳುತ್ತಿದ್ದಳು. ಮಗಳೂ ಅಷ್ಟೆ. ಕ್ಯಾಂಟೀನಿನಲ್ಲಿ ಉಬ್ಬಿದ ಪ್ಯಾಕೆಟ್ಟುಗಳನ್ನು ದಿನಾ ನೋಡುವವಳು. ಊರವರ ಬಾಟಲಿ ಸೊಟ್ಟಗಾದರೆ ಅದು ಗಾಳಿ, ಮಗಳ ಬಾಟಲಿ ಸೊಟ್ಟಗಾದರೆ ಅದು ಬುದ್ಧಿ. ನಾನು ಇಬ್ಬರಿಗೂ ಹೇಳಿ ನೋಡಿದೆ. "ನೀನು ಅವಳ ಪರ" ಅಂತ ಇಬ್ಬರೂ ಅಂದರು.

ಹೀಗಿರುವಾಗ ಒಂದು ವರ್ಷ ಚಳಿಗಾಲ ಹತ್ತಿರ ಬಂದಾಗ ಅಕ್ಕನಿಗೆ ಏದುಸಿರು ಶುರುವಾಯಿತು. ಹಾಸಿಗೆ ಎತ್ತಿ ಪೇರಿಸುವಾಗ ನಡುವೆ ನಿಂತುಬಿಡುತ್ತಿದ್ದಳು. ಡಾಕ್ಟರು ಪಟ್ಟಣಕ್ಕೆ ಕರೆಸಿಕೊಂಡು, ಎರಡು ವಾರ ಅಲ್ಲೇ ಇಟ್ಟುಕೊಂಡು ಎದೆ, ರಕ್ತ ಎಲ್ಲ ನೋಡಿದರು. ಜೊತೆಗೆ ಹೋಗಿದ್ದ ನನ್ನ ಎದುರಿಗೇ ಹೇಳಿದರು: "ಈ ಚಳಿಗಾಲ ಹೇಗೋ ತಂಗುಮನೇಲಿ ಕಳೀರಿ. ರಸ್ತೆ ತೆರೆದ ಮೇಲೆ ಕೆಳಗೆ ಬಂದುಬಿಡಿ. ಆಮೇಲೆ ಬೆಟ್ಟ ಹತ್ತೋ ಹಾಗಿಲ್ಲ."

"ಮೇಲೆ ಮಗಳಿದ್ದಾಳೆ ಸಾರ್. ಅವಳ ಮನೆ ನಾನು ನೋಡಿಲ್ಲ."

"ಹಾಗಾದ್ರೆ ಈಗಲೇ ಒಂದು ಸಲ ಹೋಗಿ ಬನ್ನಿ. ಎರಡು ರಾತ್ರಿ ತಂಗಿ, ಆಮೇಲೆ. ನಿಯಮ ನಿಮಗೆ ನಾನು ಹೇಳಬೇಕಾ?"

ಅಕ್ಕ ನಕ್ಕಳು. ಬಸ್ಸು ಹತ್ತಿದೆವು. ಪಟ್ಟಣದಲ್ಲಿ ಬೆವರು ಒರೆಸಿಕೊಂಡು ಹತ್ತಿದವರು ಅರ್ಧ ದಾರಿಗೆ ಸ್ವೆಟರ್ ಹುಡುಕಿದರು. ನಮ್ಮ ಹಿಂದಿನ ಸೀಟಿನಲ್ಲಿ ಕರೆಂಟಿನ ಕೆಲಸಕ್ಕೆ ಹೊಸದಾಗಿ ಸೇರಿದವನೊಬ್ಬ, ದಪ್ಪನೆಯ ಮನುಷ್ಯ, ಕಿವಿ ಟಪ್ ಟಪ್ ಅನ್ನುತ್ತಿದೆ ಅಂತ ಆಕಳಿಸುತ್ತಾ ಕೂತಿದ್ದ.

"ಅಲ್ಲ ಅಕ್ಕಾ, ಮೇಲೆ ಹೋದ್ರೆ ಸೂರ್ಯನಿಗೆ ಹತ್ತಿರ ಅಲ್ವಾ? ಸೆಕೆ ಜಾಸ್ತಿ ಆಗ್ಬೇಕಿತ್ತು."

"ಸೂರ್ಯ ಏನು ನಿಮ್ಮತ್ತೆ ಮನೆ ಒಲೇನಾ, ಒಂದು ಹೆಜ್ಜೆ ಹತ್ತಿರ ಹೋದ್ರೆ ಬೆಚ್ಚಗಾಗೋಕೆ? ನಮ್ಮನ್ನ ಬೆಚ್ಚಗಿಡೋ ಕಂಬಳಿ ಗಾಳಿ ಕಣಪ್ಪಾ. ಇಲ್ಲಿ ಕಂಬಳಿ ಸವೆದುಹೋಗಿದೆ. ಹಾಗಂತ ಬಿಸಿಲು ಸುಡಲ್ಲ ಅಂದ್ಕೊಂಡು ಟೋಪಿ ತೆಗೀಬೇಡ. ಚಳಿ ನಡುಗಿಸ್ತಾ ಇರುತ್ತೆ, ಬಿಸಿಲು ಮೂಗು ಸುಡ್ತಾ ಇರುತ್ತೆ."

ತಂಗುಮನೆಯ ಮುಂದೆ ಇಳಿದಾಗ ಡ್ರೈವರ್ ತಲೆ ಕೆರೆದುಕೊಳ್ಳುತ್ತಾ ಬಂದ. ಮೇಲೆ ಹಿಮ ಬೀಳಲು ಶುರುವಾಗಿದೆಯಂತೆ. ನಾಳೆ ಬೆಳಿಗ್ಗೆ ಹತ್ತಿ ಸಂಜೆಗೆ ಇಳಿಯುವ ಬಸ್ಸೇ ಕೊನೆಯದು. ಆಮೇಲೆ ರಸ್ತೆ ತೆರೆಯುವುದು ಚಳಿಗಾಲ ಮುಗಿದ ಮೇಲೆ.

ಚಳಿಗಾಲ ಮುಗಿದ ಮೇಲೆ ಅಕ್ಕ ಹತ್ತುವ ಹಾಗಿಲ್ಲ. ನಾಳೆ ಹೋಗಲು ಅವಳು ಎರಡು ರಾತ್ರಿ ತಂಗಿಲ್ಲ. ನಾಳೆ ಹೋಗದಿದ್ದರೆ ಇನ್ನು ಈ ಜನ್ಮದಲ್ಲಿ ಮಗಳ ಮನೆಯ ಹೊಸ್ತಿಲು ತುಳಿಯುವುದಿಲ್ಲ. ಅಕ್ಕ ನಮ್ಮ ಜೊತೆಗೆ ಬಂದ ಹೊಸಬರನ್ನೆಲ್ಲ ಒಳಗೆ ಕರೆದು, ಗೋಡೆಯ ನಿಯಮ ಕರೆಂಟಿನವನ ಕೈಯಲ್ಲೇ ಗಟ್ಟಿಯಾಗಿ ಓದಿಸಿ, "ಕೂತ್ಕೊಳ್ಳಿ" ಅಂದಳು.

"ಕೊನೇ ಬಸ್ಸು ಹೋದ್ರೆ ನಾವು?" ಅಂದ ಅವನು.

"ಚಳಿಗಾಲ ಪೂರ್ತಿ ಕೆಳಗಿನ ಡಿಪೋದಲ್ಲಿ ಕೆಲಸ ಇರುತ್ತೆ. ಬದುಕಿದ್ರೆ ತಾನೇ ಕರೆಂಟು?"

ಬೆಳಿಗ್ಗೆ ಅವಳು ಒಳ್ಳೆಯ ಸೀರೆ ಉಟ್ಟು, ಅದರ ಮೇಲೆ ಎರಡು ಸ್ವೆಟರ್ ಹಾಕಿಕೊಂಡಿದ್ದಳು. ಬಿಸ್ಕತ್ತಿನ ಪ್ಯಾಕೆಟ್ ಒಡೆದು ಸ್ಟೀಲಿನ ಡಬ್ಬಿಗೆ ಸುರಿಯುತ್ತಿದ್ದಳು. ಡಬ್ಬಿ ಯಾಕೆ ಅಂತ ನಾನು ಕೇಳಲಿಲ್ಲ, ಅವಳೂ ಹೇಳಲಿಲ್ಲ.

"ಹೋಗ್ತೀಯಾ ಅಕ್ಕಾ?"

"ಒಂದು ಟೀ ಕುಡಿದು ಅದೇ ಬಸ್ಸಲ್ಲಿ ಬಂದುಬಿಡ್ತೀನಿ. ಫೋನ್ ಗೀನ್ ಮಾಡಬೇಡ. ಮೊದಲೇ ಗೊತ್ತಾದ್ರೆ ಬರಬೇಡ ಅಂದುಬಿಡ್ತಾಳೆ."

"ತಂಗಿಲ್ವಲ್ಲ ನೀನು."

"ಇಷ್ಟು ವರ್ಷ ಇಲ್ಲೇ ಇದ್ದೋಳು ನಾನು. ಎರಡು ವಾರ ಕೆಳಗೆ ಹೋಗಿದ್ದಕ್ಕೆ ಬೆಟ್ಟ ನನ್ನ ಮರೆತುಬಿಡುತ್ತಾ?"

ನಾನು ಹಿಂದೆ ಹಿಂದೆ ಹೋದೆ. ಅವಳು ಹಿತ್ತಲ ಬಾಗಿಲಿನಿಂದ ಸುತ್ತಿ ಬಂದಳು, ಕಳ್ಳರ ಹಾಗೆ. ಡ್ರೈವರ್ ಅವಳನ್ನು ಕಂಡು ಬೀಡಿ ಎಸೆದ. ಅವಳು ಕಂಬಿ ಹಿಡಿದು ಮೊದಲ ಮೆಟ್ಟಿಲು ಹತ್ತಿದಳು, ಎರಡನೆಯದು ಹತ್ತಿದಳು, ನಿಂತು ಉಸಿರು ತೆಗೆದುಕೊಂಡಳು. ಕಿಟಕಿ ಪಕ್ಕದ ಸೀಟಿನಲ್ಲಿ ಡಬ್ಬಿ ತೊಡೆಯ ಮೇಲಿಟ್ಟುಕೊಂಡು ಕೂತಳು. ಅಷ್ಟರಲ್ಲಿ ಗಂಡಸರ ಕೋಣೆಯ ಬಾಗಿಲು ತೆರೆಯಿತು.

"ಅಕ್ಕಾ," ಅಂದ ಕರೆಂಟಿನವನು, "ನೀವೂ ನಿನ್ನೆ ನಮ್ಮ ಜೊತೆ ಬಂದವರಲ್ವಾ?"

"ನಾನು ಇಲ್ಲಿಯೋಳು."

"ಎರಡು ವಾರ ಕೆಳಗಿದ್ರಿ. ಬಸ್ಸಲ್ಲಿ ನೀವೇ ಹೇಳಿದ್ರಿ. ವಾರಕ್ಕಿಂತ ಜಾಸ್ತಿ ಇದ್ದವರು ಹೊಸಬರು ಅಂತ ನನ್ನ ಕೈಲೇ ಓದಿಸಿದ್ರಿ."

"ನನ್ನ ಮೈ ನನಗೆ ಗೊತ್ತು" ಅಂದಳು ಕೂರಕ್ಕ.

ಡ್ರೈವರ್ ತಲೆ ತಗ್ಗಿಸಿಕೊಂಡ. ಅವನ ಮುಖದಲ್ಲಿ ನಗು ಇತ್ತೋ ಸಂಕಟ ಇತ್ತೋ ನನಗೆ ಕಾಣಲಿಲ್ಲ.

"ಸರಿ ಹಾಗಾದ್ರೆ. ನನ್ನ ಮೈಯೂ ನನಗೆ ಗೊತ್ತು" ಅಂದ ಕರೆಂಟಿನವನು. ಒಳಗೆ ಹೋಗಿ ಚೀಲ ತಂದ. ಅವನ ಹಿಂದೆ ನಿನ್ನೆ ಬಂದವರೆಲ್ಲ ತಮ್ಮ ತಮ್ಮ ಚೀಲ ಎತ್ತಿಕೊಂಡರು. ಅವನ ಬೂಟಿನ ಲಾಡಿ ಬಿಚ್ಚಿಕೊಂಡಿತ್ತು. ಕಟ್ಟಲು ಬಗ್ಗಿದವನು ಹಣೆ ಹಿಡಿದುಕೊಂಡು ನಿಂತ. ತುಟಿ ನೇರಳೆ ಬಣ್ಣಕ್ಕೆ ತಿರುಗಿತ್ತು. ಬೆಳಗಿನ ತಿಂಡಿ ಒಳಗೆ ನಿಂತಿರಲಿಲ್ಲ ಅಂತ ಅವನು ಒಗೆಯಲು ಹಾಕಿದ ಟವೆಲ್ಲು ನನಗೆ ಆಗಲೇ ಹೇಳಿತ್ತು. ಒಂದು ಮೆಟ್ಟಿಲು ಹತ್ತಿ, ಚೀಲವನ್ನು ಅಲ್ಲೇ ಇಟ್ಟು, ಮೀನಿನ ಹಾಗೆ ಬಾಯಿ ತೆರೆದ.

ಅಕ್ಕ ಕಿಟಕಿಯಿಂದ ಅವನ ತುಟಿಯನ್ನೇ ನೋಡುತ್ತಿದ್ದಳು. ಆಮೇಲೆ ಮೇಲಿನ ರಸ್ತೆಯನ್ನು ನೋಡಿದಳು. ಅಲ್ಲಿ ಮೋಡ ಬಿಟ್ಟರೆ ಏನೂ ಇರಲಿಲ್ಲ. ಎದ್ದಳು.

"ಜರುಗಪ್ಪಾ, ಇಳೀಬೇಕು."

"ಯಾಕಕ್ಕಾ?"

"ನೀನು ಇಳೀಬೇಕಲ್ಲ, ಅದಕ್ಕೆ."

ಡಬ್ಬಿಯನ್ನು ಡ್ರೈವರ್ ಕೈಗೆ ಕೊಟ್ಟಳು. ಏನೂ ಹೇಳಿ ಕಳಿಸಲಿಲ್ಲ. ಕರೆಂಟಿನವನ ತೋಳು ಹಿಡಿದು ಒಳಗೆ ಕರೆದುಕೊಂಡು ಹೋಗಿ, ಗೋಡೆಗೆ ಒರಗಿಸಿ, ಕಂಬಳಿ ಹೊದಿಸಿ, ಮುಖಕ್ಕೆ ಸಿಲಿಂಡರಿನ ಆಕ್ಸಿಜನ್ ಹಿಡಿದಳು. "ಸಂಜೆ ಬಸ್ಸಲ್ಲಿ ಕೆಳಗೆ ಹೋಗ್ತೀಯ. ಒಂದು ಮಾತೂ ಆಡಬೇಡ" ಅಂದಳು. ಮಿಕ್ಕವರೂ ಚೀಲ ಇಳಿಸಿದರು. ಬಸ್ಸು ಅವಳಿಲ್ಲದೆ ಹೋಯಿತು. ಅವಳು ಬಾಗಿಲ ಪಕ್ಕದ ಬೆಂಚಿನ ಮೇಲೆ, ಒಳ್ಳೆಯ ಸೀರೆಯಲ್ಲೇ, ದಿನವಿಡೀ ಕೂತಿದ್ದಳು. ಜನರನ್ನು ಕೂರಿಸುವುದನ್ನೇ ಕಂಡಿದ್ದ ನಾನು ಅವಳೇ ಹೀಗೆ ಸುಮ್ಮನೆ ಕೂತದ್ದನ್ನು ನೋಡಿದ್ದು ಅದೇ ಮೊದಲು.

"ಟೀ ಕೊಡಲಾ ಅಕ್ಕಾ?"

"ಬೇಡ. ಅಲ್ಲಿಯದು ಬಿಸಿ ಇರಲ್ಲವಂತೆ. ಬೇಗ ಕುದಿಯುತ್ತಲ್ಲ." ಸೆರಗು ಹೊದ್ದುಕೊಂಡು, "ಕುಡೀಬೇಕಾಗಿತ್ತು" ಅಂದಳು.

ಸಂಜೆ ಬಸ್ಸು ಇಳಿದು ಬಂತು. ಮಾಡಿನ ಮೇಲೆ ಹಿಮ, ಒಳಗೆ ಚಳಿಗಾಲಕ್ಕೆ ಕೆಳಗೆ ಹೋಗುವ ನಾಲ್ಕಾರು ಜನ. ಅವರ ನಡುವಿನಿಂದ ಸ್ಟೀಲಿನ ಡಬ್ಬಿ, ಒಂದು ಬಾಟಲಿ, ಒಂದು ಸೂಟ್‌ಕೇಸ್ ಹಿಡಿದುಕೊಂಡು ಇಳಿದವಳು ಮಗಳು.

ಅಕ್ಕ ಬೆಂಚಿನಿಂದ ಏಳಲಿಲ್ಲ. ಏಳಲು ಆಗಲಿಲ್ಲವೋ ಏನೋ.

"ನಾನೇನೂ ಹೇಳಿಲ್ಲ," ಅಂದ ಡ್ರೈವರ್, ಯಾರೂ ಕೇಳದಿದ್ದರೂ. "ನಿಮ್ಮಮ್ಮ ಬೆಳಿಗ್ಗೆ ಬಸ್ಸು ಹತ್ತಿದ್ರು ಅಂದೆ, ಅಷ್ಟೇ."

ಮಗಳು ಹತ್ತಿರ ಬಂದು ನಿಂತಳು. "ಹೌದಾ? ತಂಗದೇನೇ ಹತ್ತಿದ್ಯಾ?"

"ಎರಡೇ ಮೆಟ್ಟಿಲು."

"ನನ್ನ ಮದುವೆಗೇ ಸಡಿಲ ಬಿಡದವಳು?"

"ಇಳಿದುಬಿಟ್ಟೆನಲ್ಲ!"

"ಹತ್ತಿದ್ಯಲ್ಲ" ಅಂದಳು ಮಗಳು. ಅವಳ ಮೂಗು ಕೆಂಪಾಗಿತ್ತು. ಮೇಲಿನ ಬಿಸಿಲಿಗೆ ಎಲ್ಲರದೂ ಆಗುತ್ತದೆ.

ಅಕ್ಕನ ಕಣ್ಣು ಬಾಟಲಿಯ ಮೇಲೆ ಬಿತ್ತು. ಎಂದಿನ ಹಾಗೆ ಸೊಟ್ಟ. ಬಾಯಿ ತೆರೆದಳು. ಮಗಳು ಅದಕ್ಕೆ ಮುಂಚೆಯೇ ಮುಚ್ಚಳ ತಿರುಗಿಸಿದಳು. ಬಾಟಲಿ ಸುಂಯ್ ಅಂತ ಒಂದು ಉಸಿರೆಳೆದುಕೊಂಡು, ಟಪ್ ಅಂದು, ನೆಟ್ಟಗಾಯಿತು.

ಇಬ್ಬರೂ ಅದನ್ನು ನೋಡಿದರು. ಡಬ್ಬಿಯ ಬಿಸ್ಕತ್ತು ಒಂದೂ ಮುರಿದಿರಲಿಲ್ಲ.

"ಗಂಡ?" ಅಂದಳು ಅಕ್ಕ.

"ಮೇಲೆ. ರಸ್ತೆ ತೆರೆಯೋವರೆಗೆ ಅವನ ಅಡಿಗೆ ಅವನೇ ಮಾಡ್ಕೊಳ್ತಾನೆ."

"ಬೇಳೆ ಬೇಯಿಸೋಕೆ ಬರುತ್ತಾ ಅವನಿಗೆ?"

"ನಂಗೇ ಬರಲ್ಲ ಅಂತಿದ್ಯಲ್ಲ."

ಅಕ್ಕ ಬೆಂಚಿನಲ್ಲಿ ಸ್ವಲ್ಪ ಜರುಗಿದಳು. "ಕೂತ್ಕೊ."

"ಇಳಿದು ಬಂದವರು ಕೂರಬೇಕಾಗಿಲ್ಲಮ್ಮಾ. ಹತ್ತೋರು ಮಾತ್ರ. ನಿನ್ನ ನಿಯಮ."

"ಗೊತ್ತು. ಸುಮ್ಮನೆ ಕೂತ್ಕೊ."

ಕರೆಂಟಿನವನು ಉಳಿದ ಹೊಸಬರ ಜೊತೆ ಅದೇ ಬಸ್ಸಿನಲ್ಲಿ ಕೆಳಗೆ ಹೋದ. ಬಯಲು ಮುಟ್ಟುವಷ್ಟರಲ್ಲಿ ತಲೆನೋವು ಇಳಿದು, ಹಸಿವಾಗುತ್ತಿದೆ ಅಂದನಂತೆ. ಅಂಥ ರೋಗಕ್ಕೆ ಇಳಿಯುವುದಕ್ಕಿಂತ ದೊಡ್ಡ ಮದ್ದಿಲ್ಲ. ಇತ್ತ ರಸ್ತೆ ಮುಚ್ಚಿತು. ಎರಡು ರಾತ್ರಿ ಒಂದೇ ಕೋಣೆಯಲ್ಲಿರಲಾರದ ತಾಯಿ ಮಗಳು ಚಳಿಗಾಲ ಪೂರ್ತಿ ಒಂದೇ ಕೋಣೆಯಲ್ಲಿದ್ದರು. ಮೂರನೆಯ ದಿನವೇ ಜಗಳ ಶುರುವಾಯಿತು. ಬೇಳೆಗೆ ಕುಕ್ಕರ್ ಎಷ್ಟು ಸಲ ಕೂಗಬೇಕು ಅನ್ನುವುದರ ಮೇಲೆ. ಮೇಲಿನ ಲೆಕ್ಕ ಬೇರೆ, ನಡುವಿನ ಲೆಕ್ಕ ಬೇರೆ. ಮೊದಲ ದಿನ ಜಗಳ ಆಡಬಾರದು ಅನ್ನುವ ನಿಯಮ ಮಾತ್ರ ಪಾಲಿಸಿದರು ಅನ್ನಬಹುದು.

ಹಿಮ ಕರಗಿ ಬಸ್ಸು ಬಂದ ದಿನ ಅಕ್ಕನದೂ ನನ್ನದೂ ಗಂಟುಮೂಟೆ ಕೆಳಗಿನ ಪಟ್ಟಣಕ್ಕೆ, ಮಗಳ ಸೂಟ್‌ಕೇಸ್ ಮೇಲಿನ ಗಣಿಗೆ. ಅಂಗಳದಲ್ಲಿ ಡ್ರೈವರ್ ಮಗಳನ್ನು ತೋರಿಸಿ ಅಕ್ಕನನ್ನು ಕೇಳಿದ, ನಗು ತಡೆದುಕೊಂಡು:

"ಏನಕ್ಕಾ, ಇವಳನ್ನ ಹತ್ತಿಸಲಾ? ಎರಡು ರಾತ್ರಿ ಆಗಿದೆಯಾ?"

ಅಕ್ಕ ಮಗಳನ್ನು ಮೇಲಿನಿಂದ ಕೆಳಗಿನವರೆಗೆ ಒಂದು ಸಲ ನೋಡಿದಳು.

"ಹತ್ತಿಸಪ್ಪಾ," ಅಂದಳು. "ಇವಳು ಕೂತದ್ದು ಸಾಕು."